ಮರಿಯಂ ಬಚ್ಚಿಟ್ಟ ಉಪ್ಪಿನ ಚಿಪ್ಪು

ಮೀನು ಬೇಯಿಸಿದ ನೀರನ್ನು ಯಾರಾದರೂ ಕಡಲಿಗೆ ಚೆಲ್ಲುವುದನ್ನು ಕಂಡರೆ ಮರಿಯಂಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

"ಅಯ್ಯೋ ಪಾಪಿಗಳಾ, ಮೀನಿನ ಸಾರವೆಲ್ಲ ಅದರಲ್ಲೇ ಇದೆಯಲ್ರೋ! ನಿಮ್ಮ ಅಜ್ಜಿಯರು ನೋಡಿದ್ರೆ ಸೌಟಲ್ಲಿ ಬಾರಿಸ್ತಿದ್ರು!"

ನಮ್ಮ ದ್ವೀಪದಲ್ಲಿ ಟ್ಯೂನಾ ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿ ರಾಜಧಾನಿ ಮಾಲೆಗೆ ಕಳಿಸುವ ಶೆಡ್ಡು ಇದ್ರೀಸನದು. ಅವನೂ ಎಷ್ಟು ದಿನ ಅಂತ ಬೈಸಿಕೊಂಡಾನು? "ತಗೊಂಡ್ ಹೋಗು ಮಾರಾಯ್ತಿ. ನೀರು, ತಲೆ, ಮುಳ್ಳು, ಎಲ್ಲಾ ನಿಂದೇ. ನನ್ನ ಕಿವಿಗೆ ಸ್ವಲ್ಪ ರಜೆ ಕೊಡು" ಎಂದುಬಿಟ್ಟ.

ಅಂದಿನಿಂದ ಮರಿಯಂ ಮನೆಯ ಹಿತ್ತಲಲ್ಲಿ, ಜೀಗುಜ್ಜೆ ಮರದ ಕೆಳಗೆ, ಅವಳ ದೊಡ್ಡ ಹಂಡೆ ಒಲೆಯಿಂದ ಇಳಿದದ್ದೇ ಅಪರೂಪ. ತಲೆ, ಮುಳ್ಳುಗಳನ್ನು ಆ ನೀರಿನಲ್ಲೇ ಕುದಿಸಿ, ಶೋಧಿಸಿ, ನೊರೆ ತೆಗೆಯುತ್ತ, ಮರುದಿನದ ನೀರನ್ನು ಅದಕ್ಕೇ ಸುರಿಯುತ್ತ ಹೋದರೆ ಕೊನೆಗೆ ಕಂದು ಬಣ್ಣದ ಗಟ್ಟಿ ಮುದ್ದೆ ಉಳಿಯುತ್ತದೆ. ಅದೇ ರಿಹಾಕುರು. ಬಿಸಿ ಅನ್ನಕ್ಕೆ ಒಂದು ಚಮಚ ಹಾಕಿ, ನಿಂಬೆ ಹಿಂಡಿ, ಹಸಿಮೆಣಸು ನುರಿದುಕೊಂಡರೆ ಮುಗಿಯಿತು, ಬೇರೆ ಸಾರಿನ ಹಂಗಿಲ್ಲ. ಮರಿಯಂಳ ರಿಹಾಕುರು ಇಲ್ಲದೆ ನಮ್ಮಲ್ಲಿ ಮೀನುಗಾರರ ದೋಣಿ ಹೊರಡುತ್ತಿರಲಿಲ್ಲ.

ಹಂಡೆಯ ಮುಂದಿನ ಮಣೆ ಮರಿಯಂಳದು. ತೆಂಗಿನ ಸಿಪ್ಪೆ ಹೊರುವುದು, ನೊರೆ ತೆಗೆಯುವುದು ಅವಳ ತಮ್ಮನ ಹೆಂಡತಿ ರುಗಿಯ್ಯಾಳ ಪಾಲು. ಉಪ್ಪು ತುಂಬಿದ ತೆಂಗಿನ ಚಿಪ್ಪನ್ನು ಮಾತ್ರ ಮರಿಯಂ ತನ್ನ ಮಣೆಯ ಕೆಳಗೆ ಬಚ್ಚಿಡುತ್ತಿದ್ದಳು. ರುಗಿಯ್ಯಾ ಅದನ್ನು ಮುಟ್ಟುವ ಹಾಗಿರಲಿಲ್ಲ.

ಅದಕ್ಕೊಂದು ಹಳೆಯ ಕತೆ. ಹೊಸ ಮದುಮಗಳಾಗಿ ಬೇರೆ ದ್ವೀಪದಿಂದ ಬಂದಿದ್ದ ರುಗಿಯ್ಯಾ, ಮೊದಲ ದಿನವೇ ಹಂಡೆಯ ನೀರಿನ ರುಚಿ ನೋಡಿ, ಸಪ್ಪೆ ಎಂದು ಕೈತುಂಬ ಉಪ್ಪು ಹಾಕಿದ್ದಳು. ನೀರು ಬತ್ತುತ್ತದೆ, ಉಪ್ಪು ಬತ್ತುತ್ತದೆಯೇ? ಗಟ್ಟಿಯಾಗುವ ಹೊತ್ತಿಗೆ ಅದನ್ನು ಕಾಗೆಯೂ ಮೂಸಲಿಲ್ಲ. ಮರಿಯಂ ಹೊಟ್ಟೆ ಹಿಡಿದುಕೊಂಡು ನಕ್ಕು ಮನೆಮನೆಗೆ ಹೇಳಿ ಬಂದಳು. ನಮ್ಮವರಿಗಂತೂ ಅಡ್ಡಹೆಸರಿಡಲು ಇಷ್ಟು ಸಾಕು. ಅಂದಿನಿಂದ ಅವಳು "ಉಪ್ಪು ರುಗಿಯ್ಯಾ". ಮೊಮ್ಮಕ್ಕಳಾದರೂ ಹೆಸರು ಬಿಡಲಿಲ್ಲ.

ಹೋದ ಮಳೆಗಾಲ ಮರಿಯಂಗೆ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಸಕ್ಕರೆ ಹಾಕಿಕೊಂಡರೂ ಮಣ್ಣು, ನಿಂಬೆ ಚೀಪಿದರೂ ಮಣ್ಣು. ಅವಳು ಯಾರಿಗೂ ಹೇಳಲಿಲ್ಲ. ರುಚಿ ತಿಳಿಯದವಳಿಗೆ ಹಂಡೆ ಯಾಕೆ ಎಂದು ಯಾರಾದರೂ ಕೇಳಿಬಿಟ್ಟರೆ? ಗಂಡ ಸತ್ತಾಗ ಕೈಹಿಡಿದದ್ದು ಆ ಹಂಡೆ. ಅದೂ ಹೋದರೆ ಬೆಳಿಗ್ಗೆ ಎದ್ದು ಮಾಡುವುದೇನು? ಕೈಯ ಅಂದಾಜಿನಲ್ಲೇ ಉಪ್ಪು ಹಾಕುತ್ತಿದ್ದಳು. ಹಾಕಿದ ಮೇಲೆ ಅನುಮಾನ ಬಂದು ಇನ್ನೊಂದು ಚಿಟಿಕೆ, ಆಮೇಲೆ ಮತ್ತೊಂದು.

ಪುಣ್ಯಕ್ಕೆ ಯಾರೂ ಕೊಂಕು ತೆಗೆಯಲಿಲ್ಲ. ಒಂದೇ ತಲೆನೋವೆಂದರೆ ಹಂಡೆ ಮೊದಲಿನಂತೆ ಬೇಗ ಗಟ್ಟಿಯಾಗುತ್ತಿರಲಿಲ್ಲ. "ಹಸಿ ಸಿಪ್ಪೆ ತಂದು ಸುರೀತೀಯಲ್ಲೇ, ಉರಿ ಎಲ್ಲಿಂದ ಬರಬೇಕು?" ಎಂದು ಮರಿಯಂ ರುಗಿಯ್ಯಾಳ ಮೇಲೆ ಹರಿಹಾಯುತ್ತಿದ್ದಳು. ಅವಳು ತಲೆ ತಗ್ಗಿಸಿ ನೊರೆ ತೆಗೆಯುತ್ತಿದ್ದಳು.

ಹೀಗಿರುವಾಗ ಇದ್ರೀಸ್ ಬಂದ. "ನಾಳೆ ಮಾಲೆಯಿಂದ ಸಾಹುಕಾರ್ರು ಬರ್ತಾರೆ, ಮರಿಯಂ. ನಿನ್ನ ರಿಹಾಕುರು ಹಿಡಿಸಿದ್ರೆ ಪ್ರತಿ ದೋಣಿಗೂ ಡಬ್ಬ ಕಳಿಸೋಣ. ಹಿಡಿಸ್ಲಿಲ್ಲ ಅಂದ್ರೆ ಪೈಪು ಹಾಕಿ ನೀರನ್ನ ಕಡಲಿಗೇ ಬಿಡ್ತೀನಿ. ತುಂಬಿ ಇಡೋಕೆ ನಂಗೂ ಜಾಗ ಇಲ್ಲ."

ಮಧ್ಯಾಹ್ನದ ನಮಾಜು ಮುಗಿಸಿ ಮಲಗಿದರೆ ಮರಿಯಂಗೆ ನಿದ್ದೆ ಹತ್ತಲಿಲ್ಲ. ಎದ್ದು ಹಿತ್ತಲಿಗೆ ಬಂದಳು. ನೋಡಿದರೆ ರುಗಿಯ್ಯಾ ಹಂಡೆಯಿಂದ ನಾಲ್ಕಾರು ಸೌಟು ತೆಗೆದು ಬದಿಗೆ ಚೆಲ್ಲಿ, ತನ್ನ ಮನೆಯ ಪಾತ್ರೆಯಿಂದ ತೆಳ್ಳನೆಯ ನೀರನ್ನು ಗಳಗಳ ಸುರಿಯುತ್ತಿದ್ದಾಳೆ!

"ಏ ಮನೆಹಾಳಿ! ಗಟ್ಟಿಯಾಗದೇ ಇರೋದು ಇದಕ್ಕಾ? ಇಷ್ಟು ವರ್ಷದ ಸೇಡು ತೀರಿಸ್ಕೋತಿದ್ದೀಯಾ? ಅದೂ ಇವತ್ತೇ!"

ರುಗಿಯ್ಯಾ ಪಾತ್ರೆ ಕೆಳಗಿಟ್ಟಳು. ಹಂಡೆಯಿಂದ ಒಂದು ತೊಟ್ಟು ತೆಗೆದು, ಊದಿ ಆರಿಸಿ, ಮರಿಯಂಳ ಅಂಗೈಗೆ ಹಾಕಿದಳು.

"ಬೈಯೋದು ಆಮೇಲೆ, ಅಕ್ಕಾ. ಉಪ್ಪು ಹೇಗಿದೆ ಹೇಳಿ."

ಮರಿಯಂ ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು. ಹೆಚ್ಚು ಎನ್ನಬೇಕೋ ಕಡಿಮೆ ಎನ್ನಬೇಕೋ ತಿಳಿಯಲಿಲ್ಲ. ಊರನ್ನೇ ಬಾಯಲ್ಲಿ ಹುರಿದು ಮುಕ್ಕುತ್ತಿದ್ದ ಹೆಂಗಸು ಮಣೆಯ ಮೇಲೆ ಕುಸಿದು ಕುಳಿತಳು.

"ಯಾವಾಗ ಗೊತ್ತಾಯ್ತೇ?"

"ಜ್ವರ ಬಿಟ್ಟ ವಾರಾನೇ. ನನ್ನ ಮೊಮ್ಮಗ ಒಂದು ತುತ್ತು ತಿಂದು ಚೆಂಬು ನೀರು ಖಾಲಿ ಮಾಡ್ದ. ಅದಕ್ಕೇ ಮನೇಲಿ ಮೀನಿನ ತಲೆಗಳನ್ನ ಉಪ್ಪಿಲ್ದೆ ಬೇಯಿಸಿ ತಂದು ಸೇರಿಸ್ತಿದ್ದೆ. ಉಪ್ಪು ಮಿತಕ್ಕೆ ಬರುತ್ತೆ, ಗಟ್ಟಿಯಾಗೋದು ತಡ."

"ಯಾರಿಗೆಲ್ಲ ಹೇಳಿದ್ದೀಯ?"

"ಹೇಳೋದಾ? ನಿಮಗೂ ಒಂದು ಹೆಸರು ಅಂಟಿಸ್ತಾರೆ, ಅಕ್ಕಾ. ಅದನ್ನ ಹೊತ್ಕೊಂಡು ಓಡಾಡೋದು ಏನು ಅಂತ ನಂಗೊತ್ತು."

ಮರಿಯಂಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಎದ್ದು ಒಂದು ಬುಟ್ಟಿ ಸಿಪ್ಪೆ ಹೊತ್ತು ತಂದು ಒಲೆಗೆ ಹಾಕಿದಳು.

ಮರುದಿನ ಮಾಲೆಯ ಸಾಹುಕಾರರು ಬಂದರು. ಹಿತ್ತಲ ತುಂಬ ಜನ. ಅವರು ರೊಟ್ಟಿಯ ಚೂರಿಗೆ ರಿಹಾಕುರು ಸವರಿ ಬಾಯಿಗಿಟ್ಟರು, ಕಣ್ಣು ಮುಚ್ಚಿದರು, ಕೇಳದೆಯೇ ಇನ್ನೊಂದು ಚೂರಿಗೆ ಕೈ ಹಾಕಿದರು. "ನಾನು ಹೇಳ್ಲಿಲ್ವಾ, ನಮ್ಮ ಮರಿಯಂ ಕೈಗುಣ!" ಎಂದು ಇದ್ರೀಸ್ ಹಿಗ್ಗಿದ.

ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಮರಿಯಂ ಸುಮ್ಮನಿರುವ ಜಾತಿಯವಳಲ್ಲ.

"ನನ್ನ ನಾಲಿಗೆ ಸತ್ತು ವರ್ಷ ಆಗ್ತಾ ಬಂತು. ಇಷ್ಟು ದಿನ ನೀವು ತಿಂದಿದ್ದು ರುಗಿಯ್ಯಾಳ ರುಚಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಇನ್ಮೇಲೆ ನಂಗೆ ಏನು ಹೆಸರು ಬೇಕಾದ್ರೂ ಇಡಿ. ಅವಳನ್ನ ಮಾತ್ರ ಯಾರಾದ್ರೂ ಉಪ್ಪು ಗಿಪ್ಪು ಅಂದ್ರೋ, ಈ ಸೌಟು ಇದೆಯಲ್ಲ!"

ಮರಿಯಂ ಮಣೆಯ ಕೆಳಗಿಂದ ಚಿಪ್ಪನ್ನು ತೆಗೆದು, ರುಗಿಯ್ಯಾಳನ್ನು ರಟ್ಟೆ ಹಿಡಿದು ಮಣೆಯ ಮೇಲೆ ಕೂರಿಸಿ, ಅವಳ ಮಡಿಲಲ್ಲಿಟ್ಟಳು. ರುಗಿಯ್ಯಾ ತಲೆ ಎತ್ತಲಿಲ್ಲ. ಕುದಿಯುತ್ತಿದ್ದ ಹಂಡೆಯ ಕಡೆ ಮುಖ ಬಗ್ಗಿಸಿಕೊಂಡು ಬಿಕ್ಕತೊಡಗಿದಳು.

ಮರಿಯಂ ತನ್ನ ತಲೆಬಟ್ಟೆಯ ಅಂಚಿನಿಂದ ಅವಳ ಕೆನ್ನೆ ಒರೆಸಿದಳು.

"ಆ ಕಡೆ ತಿರುಗಿ ಅಳೇ, ಹುಚ್ಚಿ. ಹಂಡೆಗೆ ಮತ್ತೆ ಉಪ್ಪು ಜಾಸ್ತಿ ಮಾಡ್ತೀಯ."