ಸ್ಯಾನ್ ಮರೀನೊಗೆ ಇಬ್ಬರು ಯಾಕೆ?

ಮೂರನೇ ಸಲವೂ ನಾನು ಮೊದಲಿನಿಂದಲೇ ಶುರು ಮಾಡಿದೆ.

"ಸ್ಯಾನ್ ಮರೀನೊ ಈಸ್ ಎ ಲ್ಯಾಂಡ್‌ಲಾಕ್ಡ್ ರಿಪಬ್ಲಿಕ್..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮೆಲ್ಬರ್ನ್‌ನಲ್ಲಿ ಇದು ನನ್ನ ಮೊದಲ ವರ್ಷ. ಪಾಲಿಟಿಕ್ಸ್ ಟ್ಯುಟೋರಿಯಲ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ದೇಶ ಕೊಟ್ಟಿದ್ದರು. ಅದರ ಭೂಗೋಳ, ಜನ, ಸರ್ಕಾರದ ಬಗ್ಗೆ ಎದ್ದು ನಿಂತು ಮಾತಾಡಬೇಕು. ಮಾತಾಡದಿದ್ದರೆ ಎಕ್ಸಾಮ್ ಎಷ್ಟೇ ಚೆನ್ನಾಗಿ ಬರೆದರೂ ಸಬ್ಜೆಕ್ಟ್ ಫೇಲ್.

ಹಿಂದಿನ ವಾರ ನನ್ನ ಸರದಿ ಬಂದಾಗ ಬಾಯಿಂದ ಮಾತೇ ಬರದೆ ಹೊರಗೆ ಓಡಿಹೋಗಿದ್ದೆ. ಟ್ಯೂಟರ್ ಹೆಲೆನ್ ಇನ್ನೊಂದು ಚಾನ್ಸ್ ಕೊಟ್ಟರು. ಇದೇ ಕೊನೆಯದು ಎಂದೂ ಹೇಳಿದರು.

ಹಾಗಾಗಿ ವಾರವೆಲ್ಲಾ ಬಾಯಿಪಾಠ ಮಾಡಿದೆ. ಐದನೇ ಕ್ಲಾಸಿನಿಂದ ಪಿಯುಸಿವರೆಗೂ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. ನಮ್ಮಲ್ಲಿ ಸ್ಟಡಿ ಅವರ್ ಅಂದರೆ ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ ಉರು ಹೊಡೆಯುವುದು. ಓದಲು ಬೇರೆ ದಾರಿ ಇದೆಯೆಂದು ಯಾರೂ ಹೇಳಿರಲಿಲ್ಲ.

ಮೆಲ್ಬರ್ನ್ ಅಂಚಿನ ಬಡಾವಣೆ ಕ್ರೇಗಿಬರ್ನ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಆಂಟಿ ಮೈಸೂರಿನವರು. ಗರಾಜ್‌ನಲ್ಲಿ ಅತ್ತಿಂದಿತ್ತ ನಡೆಯುತ್ತಾ ಗುನುಗುತ್ತಿದ್ದ ನನ್ನನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು.

"ಎಷ್ಟು ಜನ ಪುಟ್ಟಾ ಆ ದೇಶದಲ್ಲಿ?"

"ನಮ್ ಕ್ರೇಗಿಬರ್ನ್‌ಗಿಂತ ಕಮ್ಮಿ ಆಂಟಿ."

"ಇಷ್ಟೊತ್ತಿಗೆ ಅವ್ರನ್ನೆಲ್ಲಾ ಖುದ್ದಾಗಿ ಪರಿಚಯ ಮಾಡ್ಕೊಂಡ್ಬಿಡಬಹುದಿತ್ತಲ್ಲೇ! ಬಾ, ಊಟ ಮಾಡು."

ಸರಿ, ಆ ದಿನ ಬಂತು. ಕೈ ಹಿಂದೆ ಕಟ್ಟಿ, ನೆಟ್ಟಗೆ ನಿಂತು ಶುರು ಮಾಡಿದೆ.

ನಾಲ್ಕೂ ಕಡೆ ಇಟಲಿ. ನಡುವೆ ಟಿಟಾನೊ ಬೆಟ್ಟ, ಅದರ ನೆತ್ತಿಯ ಮೇಲೆ ಮೂರು ಗೋಪುರ. ಅಲ್ಲಿ ನಿಂತರೆ ದೂರದಲ್ಲಿ ಸಮುದ್ರ ಕಾಣುತ್ತದೆ, ಆದರೆ ಅದು ಅವರದಲ್ಲ. ಜನರ ಮಾತು ಇಟಾಲಿಯನ್, ದೇಶ ಮಾತ್ರ ಬೇರೆ. ಅರವತ್ತು ಜನರ ಕೌನ್ಸಿಲ್. ದೇಶದ ಮುಖ್ಯಸ್ಥರು ಒಬ್ಬರಲ್ಲ, ಇಬ್ಬರು. ಕ್ಯಾಪ್ಟನ್ ರೀಜೆಂಟ್ ಎಂದು ಹೆಸರು, ಅಧಿಕಾರ ಆರೇ ತಿಂಗಳು...

ಹಳಿಯ ಮೇಲೆ ರೈಲು ಹೋದ ಹಾಗೆ ಹೋಗುತ್ತಿದ್ದೆ. ಹೆಲೆನ್ ಕೈ ಎತ್ತಿ ಕೇಳಿದರು... ಯಾಕೆ ಇಬ್ಬರು? ಒಬ್ಬರು ಸಾಲದೇ?

ಬಾಯಿಪಾಠ ಮಾಡಿದವರಿಗೆ ಈ ಕಷ್ಟ ಗೊತ್ತು. ನಡುವೆ ನಿಂತರೆ ನಡುವಿನಿಂದ ಹೊರಡಲು ಆಗುವುದಿಲ್ಲ, ಮೊದಲಿನಿಂದಲೇ ಬರಬೇಕು.

ಬಂದೆ. ಅದೇ ಜಾಗದಲ್ಲಿ ನಿಂತೆ. ಮತ್ತೆ ಬಂದೆ. ಆ ನಗು ಕೇಳಿಸಿದ್ದು ಆಗಲೇ.

ಹೆಲೆನ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಸ್ಯಾನ್ ಮರೀನೊ ಸ್ವಲ್ಪ ಹೊತ್ತು ಮರೆತುಬಿಡು, ಇಬ್ಬರು ಸಮಸಮವಾಗಿ ಏನನ್ನಾದರೂ ನಡೆಸುವುದನ್ನು ಎಲ್ಲಾದರೂ ನೋಡಿದ್ದೀಯಾ ಎಂದು ಕೇಳಿದರು.

ಬಾಗಿಲು ಎಷ್ಟು ದೂರವಿದೆ ಎಂದು ನೋಡುತ್ತಿದ್ದೇನೆ. ಬಾಯಿ ಮಾತ್ರ ತಾನಾಗಿಯೇ ಹೇಳುತ್ತದೆ, "ಹಾಸ್ಟೆಲ್ ಮೆಸ್, ಮ್ಯಾಮ್."

ನಮ್ಮ ಮೆಸ್‌ಗೆ ತಿಂಗಳಿಗೆ ಇಬ್ಬರು ಲೀಡರ್‌ಗಳು. ಮೇಲಿನ ಮಹಡಿಯಿಂದ ಒಬ್ಬಳು, ಕೆಳಗಿನ ಮಹಡಿಯಿಂದ ಒಬ್ಬಳು. ಇಬ್ಬರೂ ಹ್ಞೂಂ ಅನ್ನದೆ ಅಡುಗೆಯವರು ಏನನ್ನೂ ಬದಲಾಯಿಸುವ ಹಾಗಿಲ್ಲ.

ಹರಕು ಇಂಗ್ಲಿಷ್‌ನಲ್ಲಿ ಹೇಳುತ್ತಾ ಹೋದೆ. ನನ್ನ ಜೊತೆ ಲೀಡರ್ ಆಗಿದ್ದವಳು ಚೈತ್ರಾ, ಮೇಲಿನ ಮಹಡಿ. ಹಬ್ಬದ ಪಾಯಸವನ್ನು ಮೊದಲು ಅವಳ ಮಹಡಿಗೆ ಬಡಿಸಬೇಕು ಎಂದಳು. ಕೆಳಗಿನ ಮಹಡಿಯ ನಾನು ಆಗಲ್ಲ ಎಂದೆ. ಎಲ್ಲರೂ ಎಂದಿನಂತೆ ಒಂದೇ ಸಾಲಿನಲ್ಲಿ ನಿಂತರು, ಅವಳು ಮುಖ ಊದಿಸಿಕೊಂಡು ಪಾಯಸ ಕುಡಿದಳು.

ಇಬ್ಬರೂ ಒಪ್ಪದಿದ್ದರೆ ಏನು ಗತಿ ಎಂದು ಒಬ್ಬ ಹುಡುಗ ಕೇಳಿದ.

ಹಿಂದೆ ಹೇಗಿತ್ತೋ ಹಾಗೇ. ನಮ್ಮ ಹಾಸ್ಟೆಲ್‌ನಲ್ಲಿ ಉಪ್ಪಿಟ್ಟು ಅಷ್ಟು ವರ್ಷ ಬದುಕಿದ್ದು ಹಾಗೆಯೇ ಎಂದೆ. ಉಪ್ಪಿಟ್ಟು ಏನೆಂದು ಅವರಿಗೇನು ಗೊತ್ತು! ಆದರೂ ಕ್ಲಾಸ್ ನಕ್ಕಿತು. ಈ ಸಲ ನನ್ನ ಜೊತೆ.

ತಿಂಗಳು ಮುಗಿದ ಭಾನುವಾರ ಹಳೆಯ ಲೀಡರ್‌ಗಳು ಮಧ್ಯದಲ್ಲಿ ಕೂರಬೇಕು, ಯಾರು ಬೇಕಾದರೂ ದೂರು ಹೇಳಬಹುದು. ಮಾರನೇ ದಿನ ತಟ್ಟೆ ಹಿಡಿದು ಎಲ್ಲರ ಹಿಂದೆ ನಾವೂ ಕ್ಯೂ.

ಅಷ್ಟು ಹೇಳಿದ ಮೇಲೆ ಸ್ಯಾನ್ ಮರೀನೊ ತಾನಾಗಿಯೇ ಬಂತು. ನಡುವಿನಿಂದಲೇ!

ಅಲ್ಲೂ ಒಬ್ಬ ಕ್ಯಾಪ್ಟನ್ ಬೇಡ ಎಂದರೆ ಇನ್ನೊಬ್ಬರ ಆಟ ನಡೆಯುವುದಿಲ್ಲ. ಅವಧಿ ಮುಗಿದ ಮೇಲೆ ಜನ ಅವರ ಮೇಲೆ ದೂರು ಕೊಡಬಹುದು. ಪುಟ್ಟ ದೇಶ, ಅಧಿಕಾರ ಹೋದ ಮೇಲೆ ಅದೇ ಬೀದಿಯಲ್ಲಿ ಅದೇ ಮುಖಗಳನ್ನು ನೋಡುತ್ತಾ ಬದುಕಬೇಕು. ಒಬ್ಬರ ಕೈಗೇ ಸೌಟು ಕೊಟ್ಟರೆ ಹೇಗೆ?

ಕೊನೆಯ ಮಾತನ್ನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಹೇಳಿದೆ. ಹೆಲೆನ್ ಅದನ್ನು ಬೋರ್ಡ್ ಮೇಲೆ ಬರೆದರು.

ಪಾಸ್. ಅಲ್ಲೇ ಹೇಳಿದರು. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಟ್ರೈನ್ ಹತ್ತಿದ ಕೂಡಲೇ ಚೈತ್ರಾಗೆ ಫೋನ್. ದಾವಣಗೆರೆಯ ಹುಡುಗಿ, ಈಗ ಸಿಡ್ನಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

"ಪಾಯ್ಸದ್ದೂ ಹೇಳಿದೇನಲೇ? ಊರಾಗ ಕಳ್ದಿದ್ ಮಾನ ಸಾಲ್ದು ಅಂತ ಮೆಲ್ಬರ್ನ್‌ನಾಗೂ ಕಳ್ದೆ!"

"ನಿನ್ನಿಂದ್ಲೇ ಕಣೇ ಪಾಸಾಗಿದ್ದು."

"ಹಂಗಾದ್ರೆ ಸಿಡ್ನಿಗೆ ಬಂದಾಗ ಪಾಯ್ಸ ಮಾಡು. ಮೊದ್ಲು ನಂಗೇ ಬಡಿಸ್ಬೇಕು ಮತ್ತೆ."

ಎಷ್ಟೋ ದಿನಗಳ ಮೇಲೆ ನನಗೆ ಹಸಿವಾಗುತ್ತಿತ್ತು.

ಉರು ಹೊಡೆಯದೇ ನಿಮಗೆ ಬರುತ್ತಿದ್ದ ಪಾಠ ಯಾವುದು, ಅದು ಬರುತ್ತದೆಂದು ನಿಮಗೆ ಗೊತ್ತಾದದ್ದು ಯಾವಾಗ?