ನೋಡಣ ಬುಡು

ನಿಮ್ಮ ವ್ಯಾಪಾರ ಯಾಕೆ ಮುಳುಗಿತು ಎಂದು ಯಾರಾದರೂ ಕೇಳಿದರೆ, ಒಂದು ಕಾಲದಲ್ಲಿ ನಾನು ಮಾರುಕಟ್ಟೆ, ಜಿಎಸ್‌ಟಿ, ಕರೆಂಟು ಎಂದೆಲ್ಲ ದೊಡ್ಡ ದೊಡ್ಡವರ ಮೇಲೆ ದೂರು ಹೇಳುತ್ತಿದ್ದೆ. ಈಗ ನಿಜ ಹೇಳಿಬಿಡುತ್ತೇನೆ. ನನ್ನನ್ನು ಮುಳುಗಿಸಿದ್ದು ಒಂದೇ ಒಂದು ಕನ್ನಡ ಪದ: ‘ನೋಡಣ’.

ಬಿಸ್ಕತ್ತು ಕಂಪನಿಯೊಂದರ ಸೇಲ್ಸ್ ಕೆಲಸದಲ್ಲಿ ಅಂಗಡಿ ಅಂಗಡಿ ಸುತ್ತಿ ಸಾಕಾಗಿದ್ದ ನನಗೆ, ಬೇರೆಯವರ ಸರಕು ಮಾರುವ ಬದಲು ನನ್ನದೇ ಯಾಕೆ ಮಾರಬಾರದು ಎಂಬ ಯೋಚನೆ ತಲೆಗೆ ಹೊಕ್ಕಿತು. ಕೆಲಸ ಬಿಟ್ಟೆ. ತುಮಕೂರಿನ ಬಟವಾಡಿಯಲ್ಲಿ ಮಳಿಗೆ ಹಿಡಿದೆ. ತೆಂಗಿನಕಾಯಿ ತುರಿಯುವ ದೊಡ್ಡದೊಂದು ಮಿಷನ್ನು ತಂದು, ತುರಿಯನ್ನು ಪ್ಯಾಕೆಟ್ಟಿನಲ್ಲಿ ತುಂಬಿ ಮಾರುವುದೆಂದು ತೀರ್ಮಾನಿಸಿದೆ. ಹೆಸರು ‘ತುರಾತುರಿ’. ಹೆಸರಿನಲ್ಲಿ ತುರಿಯೂ ಇದೆ, ಅವಸರದ ಅಡುಗೆಗೆ ಒದಗುತ್ತದೆ ಎಂಬ ಸೂಚನೆಯೂ ಇದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೋರ್ಡು ಹಾಕಿದ ಮೊದಲ ವಾರವೇ ಹಿರಿಯರೊಬ್ಬರು ಮೊಣಕೈ ಕೆರೆದುಕೊಳ್ಳುತ್ತಾ ಬಂದು, ಮುಲಾಮು ಇದೆಯೇ ಎಂದು ಕೇಳಿದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಸರ್ವೆ ಮಾಡದೆ ಇಳಿದೆ ಎಂದುಕೊಳ್ಳಬೇಡಿ. ಗುಬ್ಬಿಯ ಮದುವೆ, ಕುಣಿಗಲ್ಲಿನ ನಾಮಕರಣ, ಎಲ್ಲಿ ನೆಂಟರು ಸೇರಿದರೂ ಬಿಡದೆ ಕೇಳಿದ್ದೆ: “ಹಿಂಗೊಂದು ಮಾಡ್ತಿದೀನಿ, ತಗೋತೀರಾ?” ಒಬ್ಬರೂ ಬೇಡ ಅನ್ನಲಿಲ್ಲ. “ನೋಡಣ ಬುಡು” ಅಂದರು. ಹೆಂಡತಿ ಸುಮ ಕೂಡ ಹಂಚಿನ ಮೇಲಿನ ದೋಸೆಯಿಂದ ಕಣ್ಣು ತೆಗೆಯದೆ “ನೋಡಣ ಬಿಡಿ” ಅಂದಳು. ಇಷ್ಟು ಜನ ನೋಡಣ ಅಂದ ಮೇಲೆ ಇನ್ನೇನು ಬೇಕು? ಸಿಕ್ಕ ನೋಡಣಗಳನ್ನೆಲ್ಲ ಆರ್ಡರು ಎಂದೇ ಹಿಡಿದೆ.

ವ್ಯಾಕರಣದ ಪ್ರಕಾರ ‘ನೋಡೋಣ’ ಎಂದರೆ ನೀವೂ ನಾವೂ ಸೇರಿ ನೋಡುವುದು. ಸ್ನೇಹದ ಪದ, ಸಹಕಾರದ ಪದ. ನಮ್ಮ ಸೀಮೆಗೆ ಬರುವ ಹೊತ್ತಿಗೆ ಅದರ ಬಾಲ ಸವೆದು ‘ನೋಡಣ’ ಆಗಿ, ಅರ್ಥ ಪೂರ್ತಿ ಮಗುಚಿಕೊಂಡಿದೆ. ಹೇಳಿದವರು ಏನನ್ನೂ ನೋಡುವುದಿಲ್ಲ. ಕೇಳಿದವರು ಮಾತ್ರ ದಾರಿ ನೋಡುತ್ತಿರಬೇಕು. ಇದು ಸುಳ್ಳಲ್ಲ, ಮರ್ಯಾದೆ. ಅಕ್ಕಿ ಮುಗಿದರೆ ‘ಇಲ್ಲ’ ಅನ್ನದೆ ‘ತುಂಬಿದೆ’ ಅನ್ನುವ, ದೀಪ ಆರಿದರೆ ‘ಶಾಂತವಾಯಿತು’ ಅನ್ನುವ, ಹೊರಡುವಾಗ ‘ಹೋಗ್ತೀನಿ’ ಎಂದರೆ ಅಜ್ಜಿಯರಿಂದ ಬೈಸಿಕೊಳ್ಳುವ ಜನ ನಾವು. ನಮ್ಮ ಬಾಯಲ್ಲಿ ‘ಬೇಡ’ ಎಂಬುದು ಸುಲಭಕ್ಕೆ ಹೊರಡುತ್ತದೆಯೇ? ಇಲ್ಲೇ ಹುಟ್ಟಿ ಬೆಳೆದ ನಿನಗೆ ಇದು ಗೊತ್ತಿರಲಿಲ್ಲವೇ ಎಂದರೆ, ಚೆನ್ನಾಗಿಯೇ ಗೊತ್ತಿತ್ತು. ಇನ್ಶೂರೆನ್ಸ್ ಮಾಡಿಸಿ ಎಂದು ಬಂದವರನ್ನೆಲ್ಲ ನಾನೂ ಇದೇ ಪದ ಹೇಳಿ ಸಾಗಹಾಕಿದ್ದೆ. ಆಸೆ ಹತ್ತಿದಾಗ ಮನುಷ್ಯನಿಗೆ ತನ್ನ ಮನೆಮಾತೂ ಮರೆತುಹೋಗುತ್ತದೆ ಅಂತ ಕಾಣುತ್ತದೆ.

ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿ ಇರುವವರಿಗೂ ಊರ ಕಡೆ ನಾಲ್ಕು ತೆಂಗಿನ ಮರ ಇರುತ್ತವೆ. ಮಂಚದ ಕೆಳಗೆ ಒಂದು ಚೀಲ ಕಾಯಿ ಇರುತ್ತದೆ. ಅಂಥವರಿಗೆ ನಾನು ಕಾಯಿ ಮಾರಲು ಹೊರಟಿದ್ದೆ! ಪ್ಯಾಕೆಟ್ಟುಗಳು ಫ್ರಿಜ್ಜಿನಲ್ಲೇ ಹಳಸಿದವು. ಹೆಸರಿಗೆ ತಕ್ಕ ಹಾಗೆ ಅಂಗಡಿ ತುರಾತುರಿಯಲ್ಲಿ ಶಾಂತವಾಯಿತು. ಕೈಗೆ ಚಿಪ್ಪು ಬಂತು ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ಬರೀ ಮಾತಲ್ಲ; ಮಳಿಗೆಯ ಹಿಂದೆ ಚಿಪ್ಪಿನ ರಾಶಿಯೇ ಬಿದ್ದಿತ್ತು.

ಈಗ ನಗುತ್ತಾ ಹೇಳುತ್ತಿದ್ದೇನೆ, ಆಗ ನಗು ಬಂದಿರಲಿಲ್ಲ. ತುಂಬ ಅವಮಾನವಾಗಿತ್ತು. ಬಟವಾಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಯಾರಾದರೂ “ಹೆಂಗೈತೆ ವ್ಯಾಪಾರ?” ಎಂದು ಬಾಯಿ ತೆರೆಯುವ ಮೊದಲೇ ಫೋನು ಕಿವಿಗೆ ಹಿಡಿದು ದಾಟಿಬಿಡುತ್ತಿದ್ದೆ. ಮಾವನವರು ವಸಂತನರಸಾಪುರದ ಯಾವುದೋ ಫ್ಯಾಕ್ಟರಿಯಲ್ಲಿ ನನಗೊಂದು ಕೆಲಸಕ್ಕೆ ಹೇಳಿಟ್ಟರು. ಬೆಳ್ಳಾವಿಯ ವ್ಯಾಪಾರಿಯೊಬ್ಬರು ಮಿಷನ್ನು ಕೊಳ್ಳಲು ಮುಂದೆ ಬಂದರು. ಅದೊಂದು ಕೈಬಿಟ್ಟರೆ ಈ ಜನ್ಮದಲ್ಲಿ ಮತ್ತೆ ಸ್ವಂತದ್ದೊಂದನ್ನು ಶುರುಮಾಡುವ ಎದೆ ನನಗಿರುವುದಿಲ್ಲ ಎಂದು ಗೊತ್ತಿತ್ತು. ಆದರೂ ಸೋಮವಾರ ಬಂದು ತಗೊಂಡು ಹೋಗಿ ಅಂದುಬಿಟ್ಟೆ.

ಅದರ ಹಿಂದಿನ ಭಾನುವಾರ ಗುಬ್ಬಿ ಹತ್ತಿರದ ಕಡಬದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಊಟ. ಕಾಯಿ ಒಬ್ಬಟ್ಟು ಮಾಡುತ್ತೇನೆಂದು ಚಿಕ್ಕಮ್ಮ ತುರಿಮಣೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಹೋಳುಗಳ ಗುಡ್ಡೆ. ಅದನ್ನು ನೋಡಿ ತಡೆಯಲಾಗದೆ ಕೇಳಿಯೇಬಿಟ್ಟೆ: “ನಿಜ ಹೇಳಿ ಚಿಕ್ಕಮ್ಮ, ನನ್ನ ಪ್ಯಾಕೆಟ್ ಯಾಕೆ ಒಂದೂ ತಗೊಳ್ಳಲಿಲ್ಲ?”

“ಅಟ್ಟದ ತುಂಬ ಕಾಯಿ ಬಿದ್ದವೆ. ಕಾಸು ಕೊಟ್ಟು ಕಾಯಿ ತಂದ್ರೆ ಊರೋರು ನಗಲ್ವೇನ್ಲಾ?”

“ಮತ್ತೆ ಕೇಳಿದಾಗ ನೋಡಣ ಅಂದಿರಲ್ಲ!”

“ಮಗ ಆಸೆಪಟ್ಕೊಂಡು ಬಂದವ್ನೆ, ಬ್ಯಾಡ ಅನ್ನಕ್ಕೆ ಬಾಯಿ ಬತ್ತದಾ?” ಎಂದು ನನ್ನನ್ನೇ ಗದರಿಸಿ, ಮುಂಗೈ ಕೊಡವಿಕೊಂಡು ಗೊಣಗಿದರು: “ರಾಗಿ ಮಿಷನ್‌ಗೆ ಹಾಕಿಸ್ಕಂಡು ಬತ್ತೀವಿ. ಈ ಹಾಳು ಕಾಯಿಗೂ ಒಂದು ಮಿಷನ್ ಇದ್ದಿದ್ರೆ ನನ್ನ ರಟ್ಟೆ ಉಳೀತಿತ್ತು ಕಣ್ಲಾ.”

ಬಾಯಿಗೆ ಹಾಕಿಕೊಂಡಿದ್ದ ಕಾಯಿಚೂರು ಅಲ್ಲೇ ನಿಂತಿತು. ನಮ್ಮವರಿಗೆ ಬೇಡವಾಗಿದ್ದು ಕಾಯಿ; ಬೇಕಾಗಿದ್ದು ರಟ್ಟೆ. ನಾನು ಅವರ ಹತ್ತಿರ ಇರುವುದನ್ನೇ ಅವರಿಗೆ ಮಾರಲು ಹೋಗಿ, ಇಲ್ಲದ್ದನ್ನು ಮಳಿಗೆಯೊಳಗೆ ಬೀಗ ಹಾಕಿ ಇಟ್ಟಿದ್ದೆ. ಜಗಲಿಗೆ ಬಂದು ಬೆಳ್ಳಾವಿಯವರಿಗೆ ಫೋನು ಮಾಡಿದೆ. “ಅಣ್ಣ, ಆ ಮಿಷನ್ ವಿಷಯ... ನೋಡಣ.”

ಆ ಕಡೆಯಿಂದ “ಕೊಡಲ್ಲ ಅನ್ನಿ, ಆಯ್ತು ಬುಡಿ” ಅಂದರು. ನಮ್ಮ ಕಡೆಯವರಲ್ಲವೇ, ಅರ್ಥವಾಯಿತು.

ಈಗ ಬಟವಾಡಿಯ ಬೋರ್ಡಿನಲ್ಲಿ ‘ನಿಮ್ಮ ಕಾಯಿ, ನಮ್ಮ ತುರಿ’ ಎಂದಿದೆ. ಹಿಟ್ಟಿನ ಮಿಷನ್ನಿಗೆ ಬಂದ ಹಾಗೆ ಜನ ಚೀಲ ಹಿಡಿದು ಬರುತ್ತಾರೆ, ತಮ್ಮ ಕಾಯಿ ಪಕ್ಕದವರ ಕಾಯಿಯ ಜೊತೆ ಬೆರೆಯದಂತೆ ಕಾವಲು ನಿಲ್ಲುತ್ತಾರೆ, ತಮ್ಮ ತೋಟದ ಕಾಯಿಯೇ ಸಿಹಿ ಎಂದು ವಾದ ಮಾಡುತ್ತಾರೆ. ಗೃಹಪ್ರವೇಶ, ಮದುವೆಯ ಅಡುಗೆಯವರು ಕುಣಿಗಲ್ಲಿನಿಂದಲೂ ಗಾಡಿಯಲ್ಲಿ ತುಂಬಿಕೊಂಡು ಬರುತ್ತಾರೆ. ಚಿಕ್ಕಮ್ಮನಂತೂ ತುರಿಮಣೆಯನ್ನು ಅಟ್ಟಕ್ಕೆ ಎಸೆದಿದ್ದಾರೆ. ನಾನು ಈಗ ‘ತಗೋತೀರಾ’ ಎಂದು ಯಾರನ್ನೂ ಕೇಳುವುದಿಲ್ಲ. ‘ನಿಮಗೇನು ಕಷ್ಟ’ ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ನಮ್ಮ ಜನ ಎಂದೂ ನೋಡಣ ಅನ್ನುವುದಿಲ್ಲ. ಕಾಫಿ ಆರುವವರೆಗೂ ಹೇಳುತ್ತಾರೆ.

ಮೊನ್ನೆ ಗುಬ್ಬಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮಳಿಗೆಯೊಂದು ಖಾಲಿಯಾಗಿದೆ ಎಂದು ತಿಳಿಯಿತು. ಅಲ್ಲೂ ಒಂದು ಮಿಷನ್ನು ಹಾಕಬಹುದಲ್ಲ ಎಂಬ ಆಸೆ ಹತ್ತಿತು. ಮತ್ತೆ ಮುಳುಗಿದರೆ? ತಿಂಡಿಗೆ ಕೂತಾಗ ಮೆಲ್ಲಗೆ ಸುಮಳಿಗೆ ಹೇಳಿದೆ. ದೋಸೆಯಿಂದ ಕಣ್ಣು ತೆಗೆಯದೆ “ನೋಡಣ” ಅಂದಳು.

ಪೆಟ್ಟು ತಿಂದು ಭಾಷೆ ಕಲಿತವನು ನಾನು. ಮರುಮಾತಾಡದೆ ಆಸೆಯನ್ನು ಚಟ್ನಿಯ ಜೊತೆ ನುಂಗಿಕೊಂಡು, ಕೈ ತೊಳೆದು, ಪೇಪರು ಬಿಡಿಸಿದೆ. ಸುಮ ಒಲೆ ಆರಿಸಿ, ಸೀರೆ ಬದಲಿಸಿ, ಹೆಲ್ಮೆಟ್ ಹಿಡಿದು ಎದುರಿಗೆ ನಿಂತಳು.

“ಎಲ್ಲಿಗೆ?” ಅಂದೆ.

“ಗುಬ್ಬಿಗೆ. ಮಳಿಗೆ ನೋಡಣ ಅಂದ್ನಲ್ಲ, ಏಳ್ರೀ!”