ಶೇಖವ್ವನ ಆಯುಧಪೂಜೆ ಹಾಡು

ಪೀಣ್ಯದ ಶೆಡ್ಡುಗಳಲ್ಲಿ ಆಯುಧಪೂಜೆ ಬಂತೆಂದರೆ ಆ ಹಾಡು ಇರಲೇಬೇಕು. ಯಂತ್ರಕ್ಕೆ ಅರಿಸಿನ ಬಳಿಯುವಾಗ ಹಾಡುತ್ತಿದ್ದರು, ಕುಂಬಳಕಾಯಿ ಒಡೆಯುವಾಗ ಹಾಡುತ್ತಿದ್ದರು. ಆಟೋಗಳ ಬೆನ್ನಿಗೂ ಬರೆಸಿದ್ದರು:

ಇಂದ ನಿನಗ ಸೂಟಿ ತಂಗಿ, ಕುಂಕುಮ ಹಚ್ಚಿಕೊ,
ನಾಳಿ ನನ್ನ ಬೆರಳ ಕಚ್ಚಬ್ಯಾಡ, ಹಲ್ಲು ಮುಚ್ಚಿಕೊ.

ಕಟ್ಟಿದವಳು ಶೇಖವ್ವ. ಬಾದಾಮಿ ಕಡೆಯಿಂದ ಗಂಡ ಬಸಲಿಂಗನ ಜೊತೆ ಬಂದು, ಚೊಕ್ಕಸಂದ್ರದಲ್ಲಿ ಬಾಡಿಗೆ ಕೋಣೆ ಹಿಡಿದು, ಪ್ರೆಸ್ ಯಂತ್ರದಲ್ಲಿ ವಾಷರ್ ಒತ್ತುವ ಕೆಲಸಕ್ಕೆ ಸೇರಿದ್ದಳು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ನೀಲಾಂಬಿಕಾಳ ಬೆರಳು ಪ್ರೆಸ್ಸಿಗೆ ಸಿಕ್ಕಿ ತುಂಡಾದ ವರ್ಷ, ಹಬ್ಬದ ದಿನ ಅದೇ ಯಂತ್ರಕ್ಕೆ ಕುಂಕುಮ ಇಡಲು ಶೇಖವ್ವನಿಗೆ ಕೈ ಏಳಲಿಲ್ಲ. ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ತುಂಟ ತಂಗಿಯನ್ನು ಗದರಿಸಿದ ಹಾಗೆ, ಯಂತ್ರದ ಮುಂದೆ ನಿಂತು ಹಾಡು ಕಟ್ಟಿದಳು.

ಕೇಳಿಸಿಕೊಂಡವರಲ್ಲಿ ಸೂಪರ್‌ವೈಸರ್ ಬೈರಪ್ಪ ಒಬ್ಬರು. ಕಾರ್ಮಿಕ ಸಂಘದ ಮುಂದಾಳು, ಮೈಕೇ ಬೇಡದಂಥ ದನಿ. "ಶೇಖವ್ವ, ಇದನ್ನ ಸಂಘದ ಸ್ಟೇಜಲ್ಲಿ ಹಾಡ್ಲಾ?" ಎಂದು ಕೇಳಿಯೇ ಹಾಡಿದರು. ಮೊದಲ ವರ್ಷ "ನಮ್ಮ ಅಕ್ಕ ಒಬ್ರು ಕಟ್ಟಿದ್ದು" ಅಂದರು. ಮರುವರ್ಷ ಅನ್ನಲಿಲ್ಲ. ಆಮೇಲೆ ಜನ "ಬೈರಪ್ಪನೋರ ಹಾಡು" ಅನ್ನತೊಡಗಿದಾಗ ನಕ್ಕು ಸುಮ್ಮನಾದರು. ಶೇಖವ್ವ ಕೇಳಿದರೆ, "ಮುಂದಿನ ಸಲ ಹೇಳ್ತೀನಮ್ಮ." ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ ಬೈರಪ್ಪ ಎದೆನೋವು ಬಂದು ತೀರಿಕೊಂಡರು.

ಸಂಘದವರು ಕಚೇರಿ ಮುಂದೆ ಕಲ್ಲು ನಿಲ್ಲಿಸಿ, "ಕವಿ ಬೈರಪ್ಪ" ಎಂದು ಕೆತ್ತಿಸಿ, ಕೆಳಗೆ ಹಾಡನ್ನೂ ಕೆತ್ತಿಸಿದರು. ಅದರಲ್ಲಿ "ಸೂಟಿ" ಹೋಗಿ "ರಜೆ" ಆಗಿತ್ತು. ಶೇಖವ್ವ ಓದಿಸಿ ಕೇಳಿದವಳೇ ನೆಟ್ಟಗೆ ಅಧ್ಯಕ್ಷ ರಾಮಾಂಜಿನಪ್ಪನವರ ಹತ್ತಿರ ಹೋದಳು.

"ಸತ್ತೋರ ಮೇಲೆ ಜಗಳ ತೆಗೀಬಾರ್ದಮ್ಮ. ನಿನ್ನ ಹತ್ರ ಸಾಕ್ಷಿ ಏನಿದೆ?"

ಸಾಕ್ಷಿ ಹೇಳಬಹುದಾಗಿದ್ದ ನೀಲಾಂಬಿಕಾ ಊರಿಗೆ ಹೋಗಿ ವರ್ಷಗಳಾಗಿದ್ದವು. "ಅವರ ಸಾಕ್ಷಿ ಏನೈತ್ರಿ? ಈ ಕಲ್ಲಾ? ಅದನ್ನ ನಿಂದರ್ಸಿದವ್ರು ನೀವ ಅಲ್ಲೇನ್ರಿ?" ಎಂದಳು ಶೇಖವ್ವ.

ಆ ಭಾನುವಾರ ಬೈರಪ್ಪನವರ ಹೆಂಡತಿ ವಸಂತಮ್ಮ ಶೇಖವ್ವನ ಕೋಣೆಗೆ ಬಂದರು. ಕೊಟ್ಟ ಚಹಾ ಕುಡಿಯದೆ ಕೈಯಲ್ಲೇ ಹಿಡಿದು ಕೂತರು.

"ಅವರು ಬರೆದಿಲ್ಲ ಅಂತ ನಂಗೂ ಗೊತ್ತು ಕಣ್ರೀ. ಆದ್ರೆ ಮಕ್ಕಳು ಆ ಕಲ್ಲು ನೋಡಿ ತಲೆ ಎತ್ಕೊಂಡು ಓಡಾಡ್ತಾವೆ. ಬಿಟ್ಬಿಡಿ."

ಶೇಖವ್ವ ವಸಂತಮ್ಮನ ಪಕ್ಕಕ್ಕೆ ಬಂದು ಕೂತಳು. ಆದರೂ ಮಾತು ಬಾಗಲಿಲ್ಲ. "ಅವರ ದನಿ ದೊಡ್ಡದಿತ್ತರಿ ಅಕ್ಕಾರ. ಆ ದನಿಗೆ ಬೇಕಾದಷ್ಟು ಕಲ್ಲು ಕೆತ್ತಸ್ರಿ, ನಾನೂ ಹೂ ಏರಸ್ತೀನಿ. ಹಾಡು ಮಾತ್ರ ಬಿಡಂಗಿಲ್ಲ. ನನಗೂ ಒಬ್ಬಾಕಿ ಮಗಳದಾಳ."

ವಸಂತಮ್ಮ ಚಹಾ ಕೆಳಗಿಟ್ಟು ಎದ್ದು ಹೋದರು.

ಹಬ್ಬದ ಸಭೆಯಲ್ಲಿ "ಈಗ ಕವಿ ಬೈರಪ್ಪನವರ ಹಾಡು" ಎಂದು ನಿರೂಪಕ ಹೇಳುತ್ತಿದ್ದಂತೆ ಹೆಂಗಸರ ನಡುವಿನಿಂದ ಶೇಖವ್ವ ಎದ್ದು ನಿಂತಳು. "ಅಲ್ಲರಿ! ಅದು ನಂದು!" ಜನ ನಕ್ಕರು. ಯಾರೋ ಸೆರಗು ಎಳೆದು ಕೂರಿಸಿದರು. ಮರುದಿನ ಶೆಡ್ಡಿನ ಮಾಲೀಕ, "ಬಾಯಿ ಮುಚ್ಕೊಂಡಿರು, ಇಲ್ಲ ಕೆಲಸ ಬಿಡು" ಎಂದ. ಅವಳು ಕೆಲಸ ಬಿಟ್ಟು ಬೇರೆ ಶೆಡ್ಡಿಗೆ ಸೇರಿದಳು. ಮರುವರ್ಷವೂ ಎದ್ದಳು. ಅದರ ಮುಂದಿನ ವರ್ಷ ಅವಳು ಏಳುವ ಮೊದಲೇ ಹೊಸ ಶೆಡ್ಡಿನ ಹೆಂಗಸರು "ಶೇಖವ್ವಂದು! ಶೇಖವ್ವಂದು!" ಎಂದು ಕೂಗಿದರು.

ತೊಂಬತ್ತೆಂಟರಲ್ಲಿ ಗಲಾಟೆ ಬೇಡವೆಂದು ನಿರೂಪಕ, "ಈಗ ನಮ್ಮ ಪೀಣ್ಯದ ಹಾಡು" ಎಂದಷ್ಟೇ ಹೇಳಿದ.

"ಅವರ ಹೆಸರು ತಗದ್ರಲ್ಲ, ಗೆದ್ದಿ ಬಿಡು," ಎಂದ ಬಸಲಿಂಗ.

"ನನ್ನ ಹೆಸರು ಎಲ್ಲಿ ಹಾಕ್ಯಾರ?" ಎನ್ನುತ್ತ ಶೇಖವ್ವ ಸ್ಟೇಜು ಹತ್ತಿ ಮೈಕು ಹಿಡಿದಳು. ರಾಮಾಂಜಿನಪ್ಪ ಕೈಸನ್ನೆ ಮಾಡಿ ಮೈಕು ಬಂದ್ ಮಾಡಿಸಿದರು. ಅವಳು ಬರೀ ಗಂಟಲಲ್ಲೇ ಹಾಡಿದಳು. ಎರಡನೇ ಸಾಲಿಗೆ ಹೆಂಗಸರು ದನಿಗೂಡಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ವಸಂತಮ್ಮ ತಲೆ ತಗ್ಗಿಸಿದರು, ಆದರೆ ಎದ್ದು ಹೋಗಲಿಲ್ಲ.

ಕಲ್ಲನ್ನು ಸಂಘದವರು ತೆಗೆಸಲಿಲ್ಲ. ಆದರೆ ಮರುವರ್ಷ ನಿರೂಪಕ ಸ್ಟೇಜು ಹತ್ತುವ ಮೊದಲು ತಾನೇ ಶೇಖವ್ವನನ್ನು ಹುಡುಕಿಕೊಂಡು ಬಂದ.

"ಏನಂತ ಹೇಳ್ಲಿ ಅಕ್ಕ?"

"ಶೇಖವ್ವ, ಬಾದಾಮಿ ತಾಲೂಕು, ಅಂತ ಹೇಳ್ರಿ. ಜೋರಾಗಿ ಹೇಳ್ರಿ."